ತೋಳ, ನಾಯಿ, ನರಿ ಎಂಬ ಅರ್ಥವಿರುವ ಗಂಡುಮಕ್ಕಳ ಹೆಸರುಗಳು: ಫಾರ್ವರ್ಡ್ ಪಟ್ಟಿಯಲ್ಲಿ ಯಾವುದು ನಿಜ, ಯಾವುದು ಸುಳ್ಳು?

ಮಗು ಹುಟ್ಟಿದ ಸುದ್ದಿ ಫ್ಯಾಮಿಲಿ ಗ್ರೂಪಿಗೆ ಬಿದ್ದ ಕೂಡಲೇ ಹೆಸರುಗಳ ಪಟ್ಟಿ ಬರಲು ಶುರುವಾಗುತ್ತದೆ. ದೇವರ ಹೆಸರು, ನಕ್ಷತ್ರದ ಹೆಸರು, ಎರಡೇ ಅಕ್ಷರದ ಹೆಸರು, ಯಾರಿಗೂ ಇಲ್ಲದ ಹೆಸರು. ಇವುಗಳ ಜೊತೆ ಪ್ರಾಣಿಗಳ ಅರ್ಥವಿರುವ ಹೆಸರುಗಳ ಪಟ್ಟಿಗಳೂ ಸೇರಿವೆ. ಸಿಂಹ, ಹುಲಿ ಎಂಬ ಅರ್ಥದ ಹೆಸರು ನಮಗೆ ಹೊಸದಲ್ಲ. ಆದರೆ ತೋಳ, ನಾಯಿ, ನರಿ ಎಂಬ ಅರ್ಥವಿರುವ ಹೆಸರನ್ನು ಮಗುವಿಗೆ ಇಡುತ್ತಾರೆಯೇ?

ಇಡುತ್ತಾರೆ. ಸಾವಿರಾರು ವರ್ಷಗಳಿಂದ ಇಟ್ಟಿದ್ದಾರೆ. ನಮ್ಮ ಪುರಾಣಗಳಲ್ಲೂ ಇವೆ, ಯುರೋಪಿನಲ್ಲೂ ಇವೆ, ಅರಬರಲ್ಲೂ ಇವೆ. ತೊಂದರೆ ಏನೆಂದರೆ, ಇಂಥ ಪಟ್ಟಿಗಳಲ್ಲಿ ನಿಜವಾದ ಹತ್ತು ಹೆಸರಿನ ನಡುವೆ ಸುಳ್ಳು ಅರ್ಥದ ಐದು ಹೆಸರು ಸುಲಭವಾಗಿ ನುಸುಳುತ್ತವೆ. ಹಬ್ಬದ ಶುಭಾಶಯ ತಪ್ಪಾದರೆ ಡಿಲೀಟ್ ಮಾಡಬಹುದು. ಹೆಸರು ಹಾಗಲ್ಲ. ಅದು ಜನನ ಪ್ರಮಾಣಪತ್ರಕ್ಕೆ ಹೋಗುತ್ತದೆ, ಅಲ್ಲಿಂದ ಆಧಾರ್, ಶಾಲೆ, ಪಾಸ್‌ಪೋರ್ಟ್ ಎಲ್ಲದಕ್ಕೂ ಹೋಗುತ್ತದೆ. ಹಾಗಾಗಿ ಈ ಹೆಸರುಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಒಂದೇ ನೋಟದಲ್ಲಿ

• ವೃಕೋದರ, ಶೌನಕ, ಒವೈಸ್, ವೋಲ್ಫ್‌ಗಾಂಗ್, ರುಡಾಲ್ಫ್, ವೂಕ್, ಕೋನನ್, ಟಾಡ್: ಇವುಗಳಿಗೆ ತೋಳ, ನಾಯಿ ಅಥವಾ ನರಿಯ ಸಂಬಂಧ ಇರುವುದು ನಿಜ.
• ಕಾಲೇಬ್: ಅರ್ಧ ನಿಜ, ಚರ್ಚೆಯಲ್ಲಿದೆ.
• ರಾಹುಲ್, ಅಕೇಲಾ, ಉಲ್ರಿಚ್, ಕೆನ್, ಜಂಬಣ್ಣ, ನಾಯಕ್, ಭೈರವ: ಇವುಗಳ ಅರ್ಥ ತೋಳ, ನಾಯಿ, ನರಿ ಅಲ್ಲ.
• ಇಂಥ ಹೆಸರಿಟ್ಟರೆ ಮಗು ಧೈರ್ಯಶಾಲಿಯಾಗುತ್ತದೆ, ದೃಷ್ಟಿ ತಾಗುವುದಿಲ್ಲ ಎನ್ನುವುದು ನಂಬಿಕೆ ಮಾತ್ರ.

ತೋಳದ ಹೆಸರುಗಳು: ನಮ್ಮಲ್ಲಿ

ಸಂಸ್ಕೃತದಲ್ಲಿ ತೋಳಕ್ಕೆ ‘ವೃಕ’ ಎಂದು ಹೆಸರು. ಕನ್ನಡಿಗರಿಗೆ ಚೆನ್ನಾಗಿ ಗೊತ್ತಿರುವ ತೋಳದ ಹೆಸರು ವೃಕೋದರ. ವೃಕ ಮತ್ತು ಉದರ ಸೇರಿ ವೃಕೋದರ, ಅಂದರೆ ತೋಳದಂಥ ಹೊಟ್ಟೆಯವನು. ಇದು ಭೀಮನ ಹೆಸರು. ತೋಳ ಎಷ್ಟು ತಿಂದರೂ ಹಸಿದೇ ಇರುತ್ತದೆ ಎಂಬ ಕಲ್ಪನೆಯಿಂದ ಬಂದದ್ದು. ಭೀಮನ ಊಟದ ಕಥೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬರೀ ‘ವೃಕ’ ಎಂಬ ಹೆಸರೂ ಇದೆ. ಭಾಗವತದಲ್ಲಿ ಕೃಷ್ಣ ಮತ್ತು ಮಿತ್ರವಿಂದೆಯ ಮಕ್ಕಳ ಪಟ್ಟಿಯಲ್ಲಿ ಮೊದಲು ಬರುವ ಹೆಸರು ವೃಕ. ಅದೇ ಭಾಗವತದಲ್ಲಿ ವೃಕಾಸುರ ಎಂಬ ರಾಕ್ಷಸನೂ ಬರುತ್ತಾನೆ. ಯಾರ ತಲೆಯ ಮೇಲೆ ಕೈ ಇಟ್ಟರೂ ಅವರು ಸಾಯಬೇಕು ಎಂಬ ವರವನ್ನು ಶಿವನಿಂದ ಪಡೆದು, ಕೊನೆಗೆ ತನ್ನ ತಲೆಯ ಮೇಲೆ ತಾನೇ ಕೈ ಇಟ್ಟುಕೊಂಡವನು. ನಾವು ಭಸ್ಮಾಸುರ ಎಂದು ಕರೆಯುವುದು ಇಂಥದೇ ಕಥೆಯ ರಾಕ್ಷಸನನ್ನು. ಅಂದರೆ ಒಂದೇ ಗ್ರಂಥದಲ್ಲಿ ಕೃಷ್ಣನ ಮಗನಿಗೂ ತೋಳದ ಹೆಸರು, ರಾಕ್ಷಸನಿಗೂ ತೋಳದ ಹೆಸರು. ಹೆಸರಿನ ಅರ್ಥ ವ್ಯಕ್ತಿಯ ಗುಣವನ್ನು ತೀರ್ಮಾನಿಸುತ್ತದೆ ಎನ್ನುವವರಿಗೆ ಇದೊಂದು ಉತ್ತರ.

ಕನ್ನಡದ ‘ತೋಳ’ ಸಂಸ್ಕೃತದಿಂದ ಬಂದ ಪದವಲ್ಲ. ‘ನಾಯಿ’, ‘ನರಿ’ ಕೂಡ ದ್ರಾವಿಡ ಪದಗಳೇ. ತಮಿಳಿನಲ್ಲಿ ನಾಯ್, ನರಿ ಎನ್ನುತ್ತಾರೆ. ಈ ಮೂರು ಪದಗಳನ್ನು ನೇರವಾಗಿ ಮಗುವಿನ ಹೆಸರಾಗಿ ಇಡುವುದು ನಮ್ಮಲ್ಲಿ ರೂಢಿಯಲ್ಲಿಲ್ಲ.

ತೋಳದ ಹೆಸರುಗಳು: ಯುರೋಪಿನಲ್ಲಿ

ಸಂಸ್ಕೃತದ ವೃಕ, ಗ್ರೀಕಿನ ಲೂಕೊಸ್, ರಷ್ಯನ್ನಿನ ವೋಲ್ಕ್, ಲಿಥುವೇನಿಯನ್ನಿನ ವಿಲ್ಕಾಸ್, ಇಂಗ್ಲಿಷಿನ ವುಲ್ಫ್. ಇವೆಲ್ಲ ಒಂದೇ ಹಳೆಯ ಮೂಲ ಪದದಿಂದ ಬಂದವು ಎಂದು ಭಾಷಾವಿಜ್ಞಾನ ಹೇಳುತ್ತದೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳಿಗೆ ಒಂದೇ ಮೂಲವಿರಬೇಕು ಎಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಮಾಡಿದ ಭಾಷಣ ಈ ಅಧ್ಯಯನಕ್ಕೆ ದೊಡ್ಡ ತಿರುವು ಕೊಟ್ಟಿತು. ಭೀಮನ ವೃಕೋದರನಿಗೂ ಜರ್ಮನಿಯ ವೋಲ್ಫ್‌ಗಾಂಗ್‌ನಿಗೂ ದೂರದ ನೆಂಟಸ್ತಿಕೆ ಇದೆ ಎಂದಾಯಿತು.

ಜರ್ಮನ್ ಕುಟುಂಬದ ಭಾಷೆಗಳಲ್ಲಿ ಹಿಂದೆ ಎರಡು ಪದ ಜೋಡಿಸಿ ಹೆಸರು ಮಾಡುವ ಪದ್ಧತಿ ಇತ್ತು. ಅವುಗಳಲ್ಲಿ ತೋಳಕ್ಕೆ ದೊಡ್ಡ ಸ್ಥಾನ.

• ವೋಲ್ಫ್‌ಗಾಂಗ್: ತೋಳ + ನಡೆ. ಸಂಗೀತಗಾರ ಮೊಜಾರ್ಟ್ ಮತ್ತು ಕವಿ ಗಯಟೆ, ಇಬ್ಬರ ಹೆಸರಲ್ಲೂ ಇದೆ.
• ರುಡಾಲ್ಫ್: ಕೀರ್ತಿ + ತೋಳ. ರೋಲ್ಫ್ ಎನ್ನುವುದು ಇದರ ಚಿಕ್ಕ ರೂಪ.
• ಅಡಾಲ್ಫ್: ಕುಲೀನ + ತೋಳ.
• ರಾಲ್ಫ್: ಸಲಹೆ + ತೋಳ. ಫ್ರೆಂಚಿನಲ್ಲಿ ರೌಲ್, ಸ್ಪ್ಯಾನಿಷಿನಲ್ಲಿ ರಾವುಲ್.
• ರ್‍ಯಾಂಡಾಲ್ಫ್: ಗುರಾಣಿಯ ಅಂಚು + ತೋಳ.
• ವುಲ್ಫ್ರಿಕ್: ತೋಳ + ಅಧಿಕಾರ. ಹಳೆಯ ಇಂಗ್ಲಿಷ್ ಹೆಸರು.
• ಉಲ್ಫ್: ಸ್ವೀಡನ್, ನಾರ್ವೆಗಳಲ್ಲಿ ನೇರವಾಗಿ ತೋಳ. 1970ರ ವೈದ್ಯಕೀಯ ನೊಬೆಲ್ ಹಂಚಿಕೊಂಡ ವಿಜ್ಞಾನಿ ಉಲ್ಫ್ ಫಾನ್ ಆಯ್ಲರ್ ಅವರ ಹೆಸರು ಇದೇ.
• ವುಲ್ಫ್ರಮ್: ತೋಳ + ಕಾಡುಕಾಗೆ.

ವುಲ್ಫ್ರಮ್ ಎಂದ ಕೂಡಲೇ ವಿಜ್ಞಾನ ಓದಿದವರಿಗೆ ಟಂಗ್‌ಸ್ಟನ್ ನೆನಪಾಗಬಹುದು. ಹಳೆಯ ಬಲ್ಬಿನ ತಂತಿಯ ಈ ಲೋಹಕ್ಕೆ ‘ಡಬ್ಲ್ಯೂ’ ಎಂಬ ಸಂಕೇತ ಬಂದದ್ದು ವುಲ್ಫ್ರಮ್ ಎಂಬ ಹೆಸರಿನಿಂದಲೇ. ಆದರೆ ಆ ಹೆಸರಿನ ಮೂಲ ಬೇರೆ. ಅದು ತೋಳದ ನೊರೆ ಎಂಬ ಅರ್ಥದ ಜರ್ಮನ್ ಗಣಿ ಪದದಿಂದ ಬಂದದ್ದು. ಎರಡರಲ್ಲೂ ತೋಳ ಇದೆ, ಕಾಗೆ ಇರುವುದು ಮನುಷ್ಯನ ಹೆಸರಿನಲ್ಲಿ ಮಾತ್ರ.

ಇನ್ನೊಂದು ಸ್ವಾರಸ್ಯ. ಅಡಿಡಾಸ್ ಎಂಬುದು ಕ್ರೀಡೆಯ ಕನಸು ಕಾಣುವ ಬಗ್ಗೆ ಇರುವ ಇಂಗ್ಲಿಷ್ ವಾಕ್ಯವೊಂದರ ಮೊದಲಕ್ಷರಗಳು ಎಂಬ ಮಾತು ಹಲವು ವರ್ಷಗಳಿಂದ ಓಡಾಡುತ್ತಿದೆ. ಅದು ಸುಳ್ಳು. ಕಂಪನಿ ಕಟ್ಟಿದ ಜರ್ಮನಿಯ ಅಡಾಲ್ಫ್ ಡಾಸ್ಲರ್ ಅವರನ್ನು ಮನೆಯವರು ‘ಅಡಿ’ ಎಂದು ಕರೆಯುತ್ತಿದ್ದರು. ಅಡಿ ಮತ್ತು ಡಾಸ್ ಸೇರಿ 1949ರಲ್ಲಿ ಅಡಿಡಾಸ್ ಆಯಿತು. ಅವರ ಅಣ್ಣ ರುಡಾಲ್ಫ್ ಡಾಸ್ಲರ್ ಬೇರೆಯಾಗಿ ಕಟ್ಟಿದ ಕಂಪನಿಯೇ ಪೂಮಾ. ಅಣ್ಣ ಕೀರ್ತಿಯ ತೋಳ, ತಮ್ಮ ಕುಲೀನ ತೋಳ! ಇದನ್ನು ಧೈರ್ಯವಾಗಿ ಫಾರ್ವರ್ಡ್ ಮಾಡಬಹುದು.

ಅಡಾಲ್ಫ್ ಎಂಬ ಹೆಸರಿನ ಕಥೆ ಬೇರೆಯೇ ದಾರಿ ಹಿಡಿಯಿತು. ಹಿಟ್ಲರನಿಗೆ ತನ್ನ ಹೆಸರಿನ ತೋಳದ ಅರ್ಥ ಇಷ್ಟವಾಗಿತ್ತು. ಗುಟ್ಟಾಗಿ ಓಡಾಡುವಾಗ ‘ವೋಲ್ಫ್’ ಎಂಬ ಹೆಸರು ಬಳಸುತ್ತಿದ್ದ. ಅವನ ಪೂರ್ವ ರಂಗದ ಯುದ್ಧ ಕಚೇರಿಗೆ ತೋಳದ ಬಿಡಾರ ಎಂದೇ ಹೆಸರಿತ್ತು. ಎರಡನೇ ಮಹಾಯುದ್ಧದ ಬಳಿಕ ಜರ್ಮನಿಯಲ್ಲಿ ಮಕ್ಕಳಿಗೆ ಈ ಹೆಸರಿಡುವುದು ಬಹುತೇಕ ನಿಂತುಹೋಯಿತು. ನಿಘಂಟಿನಲ್ಲಿ ಅರ್ಥ ಎಷ್ಟೇ ಚೆನ್ನಾಗಿದ್ದರೂ, ಜನರ ಮನಸ್ಸಿನಲ್ಲಿ ಹೆಸರು ಯಾರನ್ನು ನೆನಪಿಸುತ್ತದೆ ಎನ್ನುವುದೇ ಕೊನೆಗೆ ನಿಲ್ಲುತ್ತದೆ.

ಲ್ಯಾಟಿನ್ನಿನಲ್ಲಿ ತೋಳ ಎಂದರೆ ಲೂಪಸ್. ಸ್ಪೇನಿನ ಲೋಪೆ ಎಂಬ ಹೆಸರನ್ನು ಇದಕ್ಕೇ ಜೋಡಿಸುತ್ತಾರೆ. ಲೋಪೆಯ ಮಗ ಎಂಬ ಅರ್ಥದಲ್ಲಿ ಲೋಪೆಜ್ ಎಂಬ ಮನೆತನದ ಹೆಸರು ಬಂತು. ಹಂಗೇರಿಯಲ್ಲಿ ಫಾರ್ಕಾಶ್ ಎಂದರೆ ತೋಳ. ಗಣಿತಜ್ಞ ಫಾರ್ಕಾಶ್ ಬೊಯಾಯಿ (1775–1856) ಅವರನ್ನು ಜರ್ಮನ್ನರು ವೋಲ್ಫ್‌ಗಾಂಗ್ ಬೊಯಾಯಿ ಎಂದೇ ಬರೆಯುತ್ತಿದ್ದರು. ಐರ್ಲೆಂಡಿನ ಫೆಲನ್ ಎಂಬ ಹೆಸರು ಚಿಕ್ಕ ತೋಳ ಎಂಬ ಅರ್ಥದ ಹಳೆಯ ಫೆಲಾನ್ ಎಂಬುದರಿಂದ ಬಂದಿದೆ.

ತೋಳದ ಹೆಸರುಗಳು: ಅರೇಬಿಕ್, ಹೀಬ್ರೂ, ಟರ್ಕಿ

ಒವೈಸ್ ಎಂಬ ಹೆಸರು ಕರ್ನಾಟಕದ ಮುಸ್ಲಿಂ ಕುಟುಂಬಗಳಲ್ಲೂ ಇದೆ. ಅರೇಬಿಕ್‌ನಲ್ಲಿ ‘ಔಸ್’ ಎಂದರೆ ತೋಳ, ಕೊಡುಗೆ ಎಂಬ ಅರ್ಥವೂ ಇದೆ. ಅದರ ಮುದ್ದಿನ ರೂಪ ಉವೈಸ್ ಅಥವಾ ಒವೈಸ್, ಅಂದರೆ ಪುಟ್ಟ ತೋಳ. ಆದರೆ ಈ ಹೆಸರಿಡುವ ಬಹುತೇಕರ ಮನಸ್ಸಿನಲ್ಲಿ ತೋಳ ಇರುವುದಿಲ್ಲ, ತಾಯಿಯ ಸೇವೆಗೆ ಹೆಸರಾದ ಸಂತ ಒವೈಸ್ ಅಲ್ ಕರ್ನಿ ಇರುತ್ತಾರೆ. ಸಿರ್ಹಾನ್ ಎಂಬುದೂ ತೋಳದ ಹೆಸರೇ. ಅರಬರಲ್ಲಿ ಒಬ್ಬನನ್ನು ತೋಳ ಎಂದರೆ ಅದು ಹೊಗಳಿಕೆ: ಗಟ್ಟಿಗ, ಚುರುಕು ಎಂದರ್ಥ. ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶನಗೊಂಡ ಜೋರ್ಡನ್ನಿನ 2014ರ ಸಿನಿಮಾ ‘ಥೀಬ್’ನ ಹೆಸರಿಗೂ, ಅದರಲ್ಲಿನ ಹುಡುಗನ ಹೆಸರಿಗೂ ತೋಳ ಎಂದೇ ಅರ್ಥ.

ಹೀಬ್ರೂವಿನಲ್ಲಿ ಜೇವ್ ಎಂದರೆ ತೋಳ. ಬೈಬಲಿನ ಆದಿಕಾಂಡದಲ್ಲಿ ಯಾಕೋಬನು ತನ್ನ ಕಿರಿಯ ಮಗ ಬೆನ್ಯಾಮೀನನನ್ನು ತೋಳಕ್ಕೆ ಹೋಲಿಸುತ್ತಾನೆ. ಹಾಗಾಗಿ ಯಹೂದಿಗಳಲ್ಲಿ ಬೆಂಜಮಿನ್ ಜೇವ್ ಎಂದು ಎರಡನ್ನೂ ಸೇರಿಸಿ ಇಡುವ ರೂಢಿ ಇದೆ. ಟರ್ಕಿಯಲ್ಲಿ ಕುರ್ಟ್ ಎಂದರೆ ತೋಳ, ಬೋಜ್‌ಕುರ್ಟ್ ಎಂದರೆ ಬೂದು ತೋಳ.

ನಾಯಿಯ ಹೆಸರುಗಳು

‘ನಾಯಿ’ ಎನ್ನುವುದು ನಮ್ಮಲ್ಲಿ ಬೈಗುಳ. ಆದರೆ ಇವತ್ತು ಇಷ್ಟಪಟ್ಟು ಇಡುವ ಒಂದು ಹೆಸರಿನ ಬುಡದಲ್ಲಿ ನಾಯಿ ಇದೆ. ಅದು ಶೌನಕ್. ಸಂಸ್ಕೃತದಲ್ಲಿ ಶುನಕ ಎಂದರೆ ನಾಯಿ. ಶುನಕನ ವಂಶದವನು ಶೌನಕ. ನೈಮಿಷಾರಣ್ಯದಲ್ಲಿ ಉಗ್ರಶ್ರವ ಸೂತನಿಂದ ಮಹಾಭಾರತದ ಕಥೆ ಕೇಳಿದ್ದು ಶೌನಕರು. ಮುಂಡಕೋಪನಿಷತ್ತಿನಲ್ಲಿ ಅಂಗಿರಸರ ಬಳಿ ಹೋಗಿ ಪ್ರಶ್ನೆ ಕೇಳುವವರ ಹೆಸರೂ ಶೌನಕ. ಹೆಸರಿನ ಪಟ್ಟಿಗಳಲ್ಲಿ ಶೌನಕ್ ಎಂದರೆ ಜ್ಞಾನಿ ಎಂದು ಬರೆದಿರುತ್ತಾರೆ. ಅದು ಪದದ ಅರ್ಥವಲ್ಲ, ಆ ಋಷಿಯಿಂದ ಹೆಸರಿಗೆ ಬಂದ ಗೌರವ.

ಇದಕ್ಕಿಂತ ವಿಚಿತ್ರವಾದ ಹೆಸರು ಐತರೇಯ ಬ್ರಾಹ್ಮಣದಲ್ಲಿದೆ. ಅಜೀಗರ್ತ ಎಂಬ ಬಡ ಋಷಿಗೆ ಮೂವರು ಮಕ್ಕಳು: ಶುನಃಪುಚ್ಛ, ಶುನಃಶೇಪ, ಶುನೋಲಾಂಗೂಲ. ಮೊದಲನೆಯ ಮತ್ತು ಮೂರನೆಯ ಹೆಸರಿನ ಅರ್ಥ ನಾಯಿಯ ಬಾಲ. ನಡುವಿನವನ ಹೆಸರಿಗೆ ನಾಯಿಯ ಜನನಾಂಗ ಎಂದರ್ಥ. ಹರಿಶ್ಚಂದ್ರ ತನ್ನ ಮಗ ರೋಹಿತನನ್ನು ವರುಣನಿಗೆ ಬಲಿ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದ. ರೋಹಿತನ ಬದಲಿಗೆ ಬಲಿ ಕೊಡಲು ಶುನಃಶೇಪನನ್ನು ನೂರು ಹಸುಗಳಿಗೆ ಕೊಂಡರು. ಯೂಪಕ್ಕೆ ಕಟ್ಟಿದಾಗ ಹುಡುಗ ದೇವತೆಗಳನ್ನು ಸ್ತುತಿಸಿ ಬಿಡುಗಡೆ ಪಡೆದ. ವಿಶ್ವಾಮಿತ್ರ ಅವನನ್ನು ಮಗನಾಗಿ ಸ್ವೀಕರಿಸಿದ. ಅಲ್ಲಿಂದ ಅವನಿಗೆ ದೇವರಾತ, ಅಂದರೆ ದೇವರು ಕೊಟ್ಟವನು ಎಂಬ ಹೆಸರಾಯಿತು. ಹೆಸರು ಬದಲಾಯಿಸಿಕೊಳ್ಳುವುದು ಹೊಸ ಕಾಲದ ಶೋಕಿ ಅಲ್ಲ ಎಂದಾಯಿತಲ್ಲ!

ಐರ್ಲೆಂಡಿನ ಹಳೆಯ ಭಾಷೆಯಲ್ಲಿ ‘ಕೂ’ ಎಂದರೆ ಬೇಟೆನಾಯಿ. ಅಲ್ಲಿನ ವೀರಗಾಥೆಯ ನಾಯಕ ಕೂ ಹುಲಿನ್ ಹುಟ್ಟಿದಾಗ ಅವನ ಹೆಸರು ಸೆಟಾಂಟ. ಬಾಲಕನಾಗಿದ್ದಾಗ ಕುಲನ್ ಎಂಬ ಕಮ್ಮಾರನ ಕಾವಲುನಾಯಿಯನ್ನು ಕೊಂದ. ಇನ್ನೊಂದು ಮರಿ ಬೆಳೆಯುವ ತನಕ ನಾನೇ ನಿನ್ನ ಮನೆ ಕಾಯುತ್ತೇನೆ ಎಂದ. ಅಂದಿನಿಂದ ಅವನು ಕುಲನ್‌ನ ನಾಯಿ, ಕೂ ಹುಲಿನ್. ಕೋನನ್ ಎಂಬ ಹೆಸರೂ ಇದೇ ಮೂಲದ್ದು, ಪುಟ್ಟ ಬೇಟೆನಾಯಿ ಎಂದರ್ಥ. ಷರ್ಲಾಕ್ ಹೋಮ್ಸ್ ಸೃಷ್ಟಿಸಿದ ಆರ್ಥರ್ ಕೋನನ್ ಡಾಯ್ಲ್ ಅವರ ಅತಿ ಪ್ರಸಿದ್ಧ ಕಾದಂಬರಿಗಳಲ್ಲೊಂದು ಬಾಸ್ಕರ್‌ವಿಲ್ ಮನೆತನದ ಬೇಟೆನಾಯಿಯ ಕುರಿತದ್ದು. ಕಾಕತಾಳೀಯ ಅಷ್ಟೇ, ಆದರೆ ಚೆನ್ನಾಗಿದೆ.

ಇಟಲಿಯ ವೆರೋನಾ ನಗರವನ್ನು ಆಳಿದ, ಕವಿ ದಾಂಟೆಗೆ ಆಶ್ರಯ ಕೊಟ್ಟ ಕಾನ್‌ಗ್ರಾಂಡೆ (1291–1329) ಎಂಬ ದೊರೆಯ ಹೆಸರನ್ನು ದೊಡ್ಡ ನಾಯಿ ಎಂದು ಓದುತ್ತಾರೆ. ಅವನ ನಂತರ ಬಂದ ದೊರೆಯ ಹೆಸರು ಮಾಸ್ಟಿನೊ. ಅದು ಭಾರಿ ಗಾತ್ರದ ಕಾವಲುನಾಯಿಯ ತಳಿಯ ಹೆಸರು.

ಕಾಲೇಬ್: ಅರ್ಧ ನಿಜ. ಬೈಬಲಿನಲ್ಲಿ ಕಾನಾನ್ ದೇಶವನ್ನು ನೋಡಿಬರಲು ಮೋಶೆ ಕಳಿಸಿದ ಹನ್ನೆರಡು ಜನರಲ್ಲಿ ಒಬ್ಬನು ಕಾಲೇಬ. ನಮ್ಮ ಕ್ರೈಸ್ತ ಕುಟುಂಬಗಳಲ್ಲೂ ಈ ಹೆಸರಿದೆ. ಹೀಬ್ರೂವಿನ ನಾಯಿ ಎಂಬ ಪದಕ್ಕೂ ಇದಕ್ಕೂ ಅಕ್ಷರಗಳು ಒಂದೇ. ಆದ್ದರಿಂದ ನಾಯಿಯಂಥ ನಿಷ್ಠೆ ಎಂದು ಕೆಲವರು ಬಿಡಿಸುತ್ತಾರೆ, ಪೂರ್ಣ ಹೃದಯದವನು ಎಂದು ಇನ್ನು ಕೆಲವರು ಬಿಡಿಸುತ್ತಾರೆ. ವಿದ್ವಾಂಸರಲ್ಲಿ ಒಮ್ಮತವಿಲ್ಲ.

ನರಿಯ ಹೆಸರುಗಳು

ಮೂರರಲ್ಲಿ ಅತಿ ಕಡಿಮೆ ಹೆಸರುಗಳಿರುವುದು ನರಿಗೆ. ಕಾರಣ ಊಹಿಸುವುದು ಕಷ್ಟವಲ್ಲ. ಮಗ ತೋಳದಂತೆ ಗಟ್ಟಿಗನಾಗಲಿ ಎಂದು ಬಯಸುವ ಅಪ್ಪ ಅಮ್ಮ ಇರಬಹುದು, ನರಿಬುದ್ಧಿ ಬರಲಿ ಎಂದು ಹಾರೈಸುವವರು ಕಡಿಮೆ.

• ಟಾಡ್: ಹಳೆಯ ಇಂಗ್ಲಿಷ್ ಆಡುಮಾತಿನಲ್ಲಿ ನರಿ. ಮೊದಲು ಮನೆತನದ ಹೆಸರಾಗಿತ್ತು, ಆಮೇಲೆ ಮಕ್ಕಳ ಹೆಸರಾಯಿತು.
• ಥಲಬ್: ಅರೇಬಿಕ್‌ನಲ್ಲಿ ನರಿ. 9ನೇ ಶತಮಾನದ ಕೂಫಾ ಪಂಥದ ಹೆಸರಾಂತ ವೈಯಾಕರಣಿಯೊಬ್ಬರು ಇದೇ ಹೆಸರಿನಿಂದ ಪ್ರಸಿದ್ಧರು.
• ಶೂವಾಲ್: ಹೀಬ್ರೂವಿನಲ್ಲಿ ನರಿ. ಬೈಬಲಿನ ವಂಶಾವಳಿಯೊಂದರಲ್ಲಿ ಬರುವ ಹೆಸರು.

ರೆನಾರ್ ಎಂಬ ಹೆಸರಿನ ಕಥೆ ಎಲ್ಲಕ್ಕಿಂತ ಸ್ವಾರಸ್ಯ. ರೆನಾರ್ ಎಂದರೆ ನರಿ ಎಂದು ಪಟ್ಟಿಗಳು ಹೇಳುತ್ತವೆ. ಮೂಲದಲ್ಲಿ ಅದು ಸಲಹೆ ಮತ್ತು ಧೈರ್ಯ ಎಂಬ ಪದಗಳು ಸೇರಿ ಆದ ಮನುಷ್ಯನ ಹೆಸರು. ಮಧ್ಯಯುಗದ ಫ್ರಾನ್ಸಿನಲ್ಲಿ ಒಂದು ಕಥಾಮಾಲೆಯ ನರಿಗೆ ಈ ಹೆಸರಿಟ್ಟರು. ಕಥೆಗಳು ಎಷ್ಟು ಜನಪ್ರಿಯವಾದವೆಂದರೆ, ನರಿಗೆ ಫ್ರೆಂಚಿನಲ್ಲಿ ಮೊದಲಿದ್ದ ‘ಗುಪಿಲ್’ ಎಂಬ ಪದವೇ ಮರೆತುಹೋಗಿ, ನರಿಯನ್ನು ‘ರೆನಾರ್’ ಎಂದೇ ಕರೆಯತೊಡಗಿದರು. ಪ್ರಾಣಿಯಿಂದ ಹೆಸರು ಬಂದಿಲ್ಲ, ಹೆಸರೇ ಪ್ರಾಣಿಗೆ ಹೋಯಿತು.

ಪಟ್ಟಿಯಲ್ಲಿ ನುಸುಳುವ ತಪ್ಪು ಹೆಸರುಗಳು

ರಾಹುಲ್ = ತೋಳ? ತಪ್ಪು. ತೋಳದ ಅರ್ಥವಿರುವುದು ರಾಲ್ಫ್‌ನಿಂದ ಬಂದ ಸ್ಪ್ಯಾನಿಷ್ ರಾವುಲ್‌ಗೆ. ರಾಹುಲ ಬುದ್ಧನ ಮಗನ ಹೆಸರು. ಬೌದ್ಧ ಪರಂಪರೆ ಅದನ್ನು ಬಂಧನ ಎಂದು ಅರ್ಥೈಸುತ್ತದೆ. ಉಚ್ಚಾರಣೆ ಹತ್ತಿರ, ಸಂಬಂಧ ಏನೂ ಇಲ್ಲ.

ಅಕೇಲಾ = ತೋಳ? ತಪ್ಪು. 1894ರ ‘ಜಂಗಲ್ ಬುಕ್’ನಲ್ಲಿ ತೋಳಗಳ ನಾಯಕನ ಹೆಸರು ಅಕೇಲಾ. ಆದರೆ ಹಿಂದಿಯಲ್ಲಿ ಅದರ ಅರ್ಥ ಒಂಟಿ. ಮೌಗ್ಲಿಯನ್ನು ಸಾಕಿದ ತಾಯಿ ತೋಳ ರಕ್ಷಾಳ ಹೆಸರಿಗೂ ತೋಳ ಎಂಬ ಅರ್ಥವಿಲ್ಲ, ಪುಸ್ತಕದಲ್ಲಿ ಅದಕ್ಕೆ ಕೊಟ್ಟಿರುವ ಅರ್ಥ ರಾಕ್ಷಸ.

ಕರ್ಟ್ = ತೋಳ? ಭಾಷೆ ನೋಡಿ ಹೇಳಬೇಕು. ಟರ್ಕಿಯ ಕುರ್ಟ್ ತೋಳವೇ. ಜರ್ಮನಿಯ ಕರ್ಟ್ ಎನ್ನುವುದು ಕೊನ್ರಾಡ್‌ನ ಚಿಕ್ಕ ರೂಪ, ದಿಟ್ಟ ಸಲಹೆಗಾರ ಎಂದರ್ಥ.

ಉಲ್ರಿಚ್ = ತೋಳ? ತಪ್ಪು. ಉಲ್ಫ್ ನೋಡಿ ಮೋಸಹೋಗುವ ಹೆಸರಿದು. ಇದರ ಮೂಲ ಪಿತ್ರಾರ್ಜಿತ ಆಸ್ತಿ ಮತ್ತು ಅಧಿಕಾರ ಎಂಬ ಪದಗಳು.

ಕೆನ್ = ನಾಯಿ? ತಪ್ಪು. ಜಪಾನಿಯಲ್ಲಿ ನಾಯಿಯ ಅಕ್ಷರವನ್ನು ಜೋಡಿಪದಗಳಲ್ಲಿ ‘ಕೆನ್’ ಎಂದು ಓದುವುದು ನಿಜ. ಆದರೆ ಮಗುವಿಗೆ ಕೆನ್ ಎಂದು ಹೆಸರಿಡುವಾಗ ಬರೆಯುವ ಅಕ್ಷರವೇ ಬೇರೆ, ಸಾಮಾನ್ಯವಾಗಿ ಆರೋಗ್ಯವಂತ ಎಂಬ ಅರ್ಥದ್ದು.

ಜಂಬಣ್ಣ, ಜಂಬುನಾಥ = ನರಿ? ತಪ್ಪು. ಜಂಬುಕ ಎಂದರೆ ನರಿ. ಜಂಬು ಎಂದರೆ ನೇರಳೆ. ಒಂದು ಅಕ್ಷರದಲ್ಲಿ ಪ್ರಾಣಿ ಹೋಗಿ ಮರ ಬಂತು.

ನಾಯಕ್ = ನಾಯಿ? ತಪ್ಪು, ತಮಾಷೆಗೂ ಹೇಳಬೇಡಿ. ನಾಯಕ ಬಂದದ್ದು ಮುನ್ನಡೆಸು ಎಂಬ ಅರ್ಥದ ಸಂಸ್ಕೃತ ಧಾತುವಿನಿಂದ. ನಾಯಿ ದ್ರಾವಿಡ ಪದ.

ಭೈರವ, ದತ್ತಾತ್ರೇಯ = ನಾಯಿ? ತಪ್ಪು. ಭೈರವನ ವಾಹನ ನಾಯಿ. ದತ್ತಾತ್ರೇಯನ ಚಿತ್ರಗಳಲ್ಲಿ ನಾಲ್ಕು ನಾಯಿಗಳಿರುತ್ತವೆ, ಅವನ್ನು ನಾಲ್ಕು ವೇದಗಳು ಎನ್ನುತ್ತಾರೆ. ಆದರೆ ಭೈರವ ಎಂದರೆ ಭಯಂಕರ, ದತ್ತಾತ್ರೇಯ ಎಂದರೆ ಅತ್ರಿಯ ಮಗನಾದ ದತ್ತ. ದೇವರ ಜೊತೆಗಿರುವ ಪ್ರಾಣಿ ಬೇರೆ, ಹೆಸರಿನ ಅರ್ಥ ಬೇರೆ.

ತೋಳದ ಹೆಸರಿಟ್ಟರೆ ಮಗುವಿಗೆ ರಕ್ಷಣೆಯೇ?

ಸರ್ಬಿಯಾದಲ್ಲಿ ವೂಕ್ ಎಂದರೆ ತೋಳ. ಸರ್ಬಿಯನ್ ಭಾಷೆಯ ಲಿಪಿಯನ್ನು ಸುಧಾರಿಸಿದ ವೂಕ್ ಕರಾಜಿಚ್ (1787–1864) ಅವರಿಗೆ ಈ ಹೆಸರು ಬಂದದ್ದಕ್ಕೆ ಒಂದು ನೋವಿನ ಕಾರಣವಿದೆ. ಅವರಿಗಿಂತ ಮೊದಲು ಹುಟ್ಟಿದ ಮಕ್ಕಳು ಉಳಿದಿರಲಿಲ್ಲ. ಮಕ್ಕಳನ್ನು ಮಾಟಗಾತಿಯರು ತಿನ್ನುತ್ತಾರೆ, ತೋಳಕ್ಕೆ ಮಾತ್ರ ಅವರು ಹೆದರುತ್ತಾರೆ ಎಂಬ ನಂಬಿಕೆಯಿಂದ ಈ ಮಗುವಿಗೆ ತೋಳ ಎಂದೇ ಹೆಸರಿಟ್ಟರು.

ಇದನ್ನು ಓದಿದಾಗ ನಮ್ಮ ಹಳ್ಳಿಗಳ ತಿಪ್ಪ, ಹುಚ್ಚ ಎಂಬ ಹೆಸರುಗಳು ನೆನಪಾಗದೆ ಇರುವುದಿಲ್ಲ. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಮಗುವನ್ನು ತಿಪ್ಪೆಯ ಮೇಲೆ ಹೊರಳಿಸಿ ‘ತಿಪ್ಪ’ ಎಂದು ಕರೆಯುತ್ತಿದ್ದರು. ಸಾವು ಇಂಥ ಹೆಸರಿನ ಮಗುವನ್ನು ಮುಟ್ಟುವುದಿಲ್ಲ ಎಂಬ ಆಸೆ. ಒಬ್ಬರು ಹೆದರಿಸುವ ಹೆಸರಿಟ್ಟರು, ಇನ್ನೊಬ್ಬರು ಹೇಸಿಗೆಯ ಹೆಸರಿಟ್ಟರು. ಎರಡರ ಹಿಂದೆಯೂ ಇದ್ದದ್ದು ಮಗು ಕಳೆದುಕೊಂಡ ತಾಯಿಯ ಭಯ. ಇದನ್ನು ನೋಡಿ ನಗಬೇಕಾಗಿಲ್ಲ.

ಆದರೆ ಹೆಸರು ರೋಗಾಣುವನ್ನು ತಡೆಯುವುದಿಲ್ಲ. ಮಕ್ಕಳ ಸಾವು ಕಡಿಮೆಯಾದದ್ದು ಲಸಿಕೆ, ಶುದ್ಧ ನೀರು, ಆಸ್ಪತ್ರೆಯ ಹೆರಿಗೆ, ತಾಯಿಯ ಪೌಷ್ಟಿಕ ಆಹಾರ ಇವುಗಳಿಂದ. ಹುಟ್ಟಿದ ಕೂಡಲೇ ಮಗುವಿಗೆ ಬಿಸಿಜಿ, ಹೆಪಟೈಟಿಸ್ ಬಿ ಮತ್ತು ಪೋಲಿಯೊದ ಮೊದಲ ಹನಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುತ್ತವೆ. ನಾಮಕರಣಕ್ಕೆ ಒಳ್ಳೆಯ ದಿನ ಬರುವ ತನಕ ಕಾಯಬಹುದು, ಇವುಗಳಿಗೆ ಕಾಯಬೇಡಿ.

ಇದೇ ಸಾಲಿಗೆ ಸೇರುವ ಇನ್ನೊಂದು ಮೋಸ ನರಿಕೊಂಬು. ಮನೆಯಲ್ಲಿಟ್ಟರೆ ಅದೃಷ್ಟ ಎಂದು ಕೂದಲು ಅಂಟಿದ ಒಂದು ತುಂಡನ್ನು ಮಾರುತ್ತಾರೆ. ನರಿಗೆ ಕೊಂಬು ಇರುವುದಿಲ್ಲ. ಕಾಡುಪ್ರಾಣಿಯ ಅಂಗಗಳ ವ್ಯಾಪಾರ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕೊಂಡವರಿಗೂ ಕೇಸು ತಪ್ಪಿದ್ದಲ್ಲ.

‘ಆಲ್ಫಾ ತೋಳ’ ಎಂಬ ಮಾತು ನಿಜವೇ?

ತೋಳದ ಹೆಸರಿನ ಜೊತೆ ‘ಆಲ್ಫಾ’, ಗುಂಪನ್ನು ಹೊಡೆದು ಆಳುವವನು ಎಂಬ ವಿವರಣೆ ಬರುವುದುಂಟು. ಈ ಕಲ್ಪನೆ ಹರಡಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ನೋಡಿ ರುಡಾಲ್ಫ್ ಶೆಂಕೆಲ್ 1947ರಲ್ಲಿ ಬರೆದ ಅಧ್ಯಯನದಿಂದ. ಅವರ ಹೆಸರಿನಲ್ಲೂ ತೋಳ ಇದೆ, ಗಮನಿಸಿ! ಅಮೆರಿಕದ ಜೀವಶಾಸ್ತ್ರಜ್ಞ ಡೇವಿಡ್ ಮೆಕ್ ತಮ್ಮ 1970ರ ಪುಸ್ತಕದಲ್ಲಿ ಇದನ್ನು ಜನಪ್ರಿಯಗೊಳಿಸಿದರು. ಆಮೇಲೆ ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿ, 1999ರಲ್ಲಿ ಅವರೇ ಇದನ್ನು ತಿದ್ದಿದರು. ಮೃಗಾಲಯದಲ್ಲಿ ಸಂಬಂಧವಿಲ್ಲದ ತೋಳಗಳನ್ನು ಒಟ್ಟಿಗೆ ಕೂಡಿಹಾಕಿದಾಗ ಜಗಳವಾಗುತ್ತದೆ. ಕಾಡಿನಲ್ಲಿ ತೋಳದ ಗುಂಪು ಎಂದರೆ ಒಂದು ಕುಟುಂಬ: ಅಪ್ಪ, ಅಮ್ಮ, ಮಕ್ಕಳು. ದೊಡ್ಡ ಮಕ್ಕಳು ಚಿಕ್ಕ ಮರಿಗಳನ್ನು ಸಾಕಲು ನೆರವಾಗುತ್ತವೆ. ಮಗನಿಗೆ ತೋಳದ ಹೆಸರಿಟ್ಟು ಅದರ ಗುಣ ಬರಲಿ ಎಂದು ಬಯಸುವುದಾದರೆ, ಬಯಸಬೇಕಾದದ್ದು ಇದನ್ನು.

ನಮ್ಮ ನೆಲದ ತೋಳ, ನಮ್ಮ ನೆಲದ ನಾಯಿ

ನಾಯಿಯ ವೈಜ್ಞಾನಿಕ ಹೆಸರಿನಲ್ಲೇ ತೋಳದ ಹೆಸರು ಅಡಗಿದೆ. ಮನುಷ್ಯನ ಒಡನಾಟಕ್ಕೆ ಬಂದ ತೋಳಗಳೇ ಕನಿಷ್ಠ 14,000 ವರ್ಷಗಳ ಹಿಂದೆ ನಾಯಿಗಳಾಗಿದ್ದವು. ಕರ್ನಾಟಕದ ಬಯಲುಸೀಮೆಯಲ್ಲಿ ತೋಳಗಳು ಇನ್ನೂ ಇವೆ. ಮಂಡ್ಯ ಜಿಲ್ಲೆಯ ಮೇಲುಕೋಟೆಯ ವನ್ಯಜೀವಿ ಧಾಮವನ್ನು 1974ರಲ್ಲಿ ಮಾಡಿದ್ದು ಮುಖ್ಯವಾಗಿ ತೋಳಗಳಿಗಾಗಿ.

ಅದೇ ಜಿಲ್ಲೆಯ ಆತಕೂರಿನಲ್ಲಿ ಒಂದು ನಾಯಿಯ ಹೆಸರು ಕಲ್ಲಿನಲ್ಲಿ ಉಳಿದಿದೆ. ಚೋಳರ ವಿರುದ್ಧ ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರ ಎಂಬ ವೀರನಿಗೆ, ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಂದಿಗೆ ಹೋರಾಡಿತು, ಎರಡೂ ಸತ್ತವು. ಕಾಳಿಯ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನೂ ದತ್ತಿ ಕೊಟ್ಟರು. ಸುಮಾರು ಕ್ರಿ.ಶ. 949–50ರ ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ.

ಹೆಸರು ಬರೆಸುವ ಮುನ್ನ

1. ಭಾಷೆಯ ಹೆಸರು ಕೇಳಿ. ‘ಆಫ್ರಿಕನ್ ಹೆಸರು’, ‘ಪ್ರಾಚೀನ ಹೆಸರು’ ಎಂದಷ್ಟೇ ಬರೆದಿದ್ದರೆ ನಂಬಬೇಡಿ. ಆಫ್ರಿಕಾದಲ್ಲಿ ಸಾವಿರಕ್ಕೂ ಹೆಚ್ಚು ಭಾಷೆಗಳಿವೆ.
2. ಸಂಸ್ಕೃತ ಅಥವಾ ಕನ್ನಡ ಎಂದಿದ್ದರೆ ಒಂದು ಒಳ್ಳೆಯ ನಿಘಂಟು ತೆಗೆದು ನೋಡಿ. ಐದು ನಿಮಿಷದ ಕೆಲಸ.
3. ಕನ್ನಡದಲ್ಲಿ ಜೋರಾಗಿ ಕೂಗಿ ನೋಡಿ. ಅಜ್ಜಿಯ ಬಾಯಲ್ಲಿ, ಮೇಷ್ಟರ ಬಾಯಲ್ಲಿ, ಗೆಳೆಯರ ಬಾಯಲ್ಲಿ ಅದು ಏನಾಗುತ್ತದೆ ಎಂದು ಯೋಚಿಸಿ. ಶಾಲೆಯಲ್ಲಿ ಗೇಲಿಗೆ ಗುರಿಯಾಗುವುದು ಮಗು, ಪಟ್ಟಿ ಕಳಿಸಿದವರಲ್ಲ.
4. ಅವಸರ ಬೇಡ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಆದರೆ ಹೆಸರಿಲ್ಲದೆಯೂ ನೋಂದಾಯಿಸಬಹುದು. ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆಮೇಲೆ 15 ವರ್ಷದ ತನಕ ವಿಳಂಬ ಶುಲ್ಕ ಕೊಟ್ಟು ಸೇರಿಸಬಹುದು.
5. ಕಾಗುಣಿತ ಒಂದೇ ಇರಲಿ. 2023ರ ಅಕ್ಟೋಬರ್ 1ರಿಂದ ಜಾರಿಯಾದ ತಿದ್ದುಪಡಿಯಂತೆ, ಆ ದಿನದಿಂದ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರಿಸಲು, ಚಾಲನಾ ಪರವಾನಗಿಗೆ, ಮತದಾರರ ಪಟ್ಟಿಗೆ ಹುಟ್ಟಿದ ದಿನಾಂಕದ ಆಧಾರ ಜನನ ಪ್ರಮಾಣಪತ್ರವೇ. ಇಂಗ್ಲಿಷ್ ಮತ್ತು ಕನ್ನಡ ಎರಡರಲ್ಲೂ ಅಕ್ಷರ ಸರಿಯಿದೆಯೇ ಎಂದು ಅಲ್ಲೇ ನೋಡಿಕೊಳ್ಳಿ.

ಶೌನಕ್ ಎಂದು ಹೆಸರಿಟ್ಟವರು ಇದನ್ನು ಓದಿ ಗಾಬರಿಯಾಗುವ ಅಗತ್ಯವಿಲ್ಲ. ಆ ಹೆಸರು ಒಂದು ದೊಡ್ಡ ಪರಂಪರೆಯಿಂದ ಬಂದಿದೆ, ಅದರ ಬೇರಿನಲ್ಲಿ ನಾಯಿ ಇರುವುದು ಅವಮಾನವೇನಲ್ಲ. ರಾಹುಲ್ ಎಂದರೆ ತೋಳ ಎಂದು ನಂಬಿ ಹೆಸರಿಟ್ಟವರೂ ಬೇಸರಪಡಬೇಕಾಗಿಲ್ಲ. ನಿಜವಾದ ಅರ್ಥ ತಿಳಿದುಕೊಂಡರೆ ಸಾಕು. ಮುಂದೆ ಮಗು ಬಂದು ‘ನನ್ನ ಹೆಸರಿನ ಅರ್ಥ ಏನು?’ ಎಂದು ಕೇಳಿದಾಗ ನಿಮ್ಮ ಬಳಿ ಸರಿಯಾದ ಉತ್ತರ ಇರಬೇಕು, ಅಷ್ಟೇ.

ನಿಮ್ಮ ಗ್ರೂಪಿನಲ್ಲಿ ಇಂಥ ಹೆಸರಿನ ಪಟ್ಟಿ ಬಂದಿದ್ದರೆ, ಅದರ ಕೆಳಗೆ ಈ ಲೇಖನವನ್ನೂ ಹಾಕಿ. ಮಗುವಿನ ನಿರೀಕ್ಷೆಯಲ್ಲಿರುವವರಿಗೆ ಉಪಯೋಗಕ್ಕೆ ಬರುತ್ತದೆ.